ಮೊದಲು ಹಾರಿದವನು, ಮೊದಲು ಬಿದ್ದವನು

ನಮ್ಮ ಗೋಡೆ ಪತ್ರಿಕೆಯ ಈ ಮೂಲೆಯಲ್ಲಿ ಪ್ರತಿ ಸಲವೂ ಒಬ್ಬ ದೊಡ್ಡವರ ಜೀವನ ಚರಿತ್ರೆ ಇರುತ್ತದೆ. ಹಿಂದಿನ ಸಲ ಸರ್ ಎಂ. ವಿಶ್ವೇಶ್ವರಯ್ಯನವರದು ಬಂದಿತ್ತು. ಅದಕ್ಕೂ ಹಿಂದೆ ಕಿತ್ತೂರು ರಾಣಿ ಚೆನ್ನಮ್ಮನದು. ಈ ಸಲ ನನ್ನ ಸರದಿ. ನಾನು ಬರೆಯುತ್ತಿರುವುದು ಫ್ರಾನ್ಸ್ ದೇಶದ ಒಬ್ಬನ ಬಗ್ಗೆ. ಪ್ರಪಂಚದಲ್ಲಿ ಬಲೂನಿನಲ್ಲಿ ಕೂತು ಎಲ್ಲರಿಗಿಂತ ಮೊದಲು ಆಕಾಶಕ್ಕೆ ಹೋದವನು ಅವನು.

ಅವನನ್ನೇ ಯಾಕೆ ಆರಿಸಿಕೊಂಡೆ ಅಂತ ಮೊದಲು ಹೇಳ್ತೀನಿ. ಗಾಳಿ ಬಿಸಿಯಾದರೆ ಹಿಗ್ಗುತ್ತದೆ, ಹಿಗ್ಗಿದರೆ ಹಗುರವಾಗುತ್ತದೆ, ಹಗುರವಾದರೆ ಮೇಲೆ ಏರುತ್ತದೆ ಎಂಬ ಪಾಠ ನಮಗೆ ಆಯಿತಲ್ಲ, ಆವತ್ತು ವಿಜ್ಞಾನದ ಮೇಷ್ಟ್ರು ಒಂದು ಚಿತ್ರ ತೋರಿಸಿದರು. ದೊಡ್ಡ ಬಣ್ಣದ ಬಲೂನು, ಅದರ ಕೆಳಗೆ ಬೆತ್ತದ ಬುಟ್ಟಿ, ಬುಟ್ಟಿಯಲ್ಲಿ ಜನ. ನಾವೆಲ್ಲ ನಾನೂ ಹೋಗ್ತೀನಿ, ನಾನೂ ಹೋಗ್ತೀನಿ ಅಂತ ಕೂಗಿದೆವು. ಮೇಷ್ಟ್ರು ನಕ್ಕು, ಸರಿ, ಹತ್ತುವ ಮೊದಲು ಏನೇನು ಕೇಳಿಕೊಂಡು ಹತ್ತುತ್ತೀರಿ ಎಂದು ಕೇಳಿದರು. ಯಾರಿಗೂ ಉತ್ತರ ಬರಲಿಲ್ಲ. ಟಿಕೆಟ್ಟು ಎಷ್ಟು ಎಂದು ಕೇಳ್ತೀನಿ ಅಂತ ಒಬ್ಬ ಹೇಳಿದ, ಎಲ್ಲರೂ ನಕ್ಕರು. ಆಗ ಮೇಷ್ಟ್ರು ಈ ಮನುಷ್ಯನ ಹೆಸರು ಹೇಳಿದರು. ನಾನು ಸಂಜೆ ಅವರ ಹತ್ತಿರ ಹೋಗಿ ಕೇಳಿದ್ದಕ್ಕೆ ಅವನ ವಿಷಯ ಹುಡುಕಿ ಬರೆದುಕೊಟ್ಟರು. ಓದಿದ ಮೇಲೆ ನನಗೆ ನಮ್ಮ ಮಾವನ ನೆನಪಾಯಿತು. ಅದು ಯಾಕೆ ಅನ್ನುವುದು ಕೊನೆಗೆ ಬರುತ್ತದೆ.

ಹುಟ್ಟು ಮತ್ತು ವಿದ್ಯೆ

ಅವನ ಪೂರ್ತಿ ಹೆಸರು ಝಾನ್ ಫ್ರಾನ್ಸ್ವಾ ಪಿಲಾತ್ರ್ ದ ರೋಜಿಯೇ. ಇಷ್ಟುದ್ದ ಹೆಸರು ಪ್ರತಿ ಸಲ ಬರೆದರೆ ಹಾಳೆ ಸಾಲುವುದಿಲ್ಲ. ಅದಕ್ಕೆ ನಾನು ರೋಜಿಯೇ ಎಂದೇ ಬರೆಯುತ್ತೇನೆ. ಅವನು 1754ನೇ ಇಸವಿ ಮಾರ್ಚ್ 30ರಂದು ಫ್ರಾನ್ಸ್ ದೇಶದ ಮೆಟ್ಜ್ ಎಂಬ ಊರಿನಲ್ಲಿ ಜನಿಸಿದನು. ಆ ಊರಿನಲ್ಲಿ ಸೈನ್ಯ ಬೀಡುಬಿಟ್ಟಿರುತ್ತಿತ್ತು. ಅವನ ತಂದೆ ಮೊದಲು ಸೈನಿಕನಾಗಿದ್ದು ಆಮೇಲೆ ದಾರಿಹೋಕರಿಗೆ ಊಟ ವಸತಿ ಕೊಡುವ ಛತ್ರದಂಥ ಮನೆ ನಡೆಸುತ್ತಿದ್ದನು. ಅಂದರೆ ರೋಜಿಯೇ ರಾಜರ ಮನೆಯಲ್ಲಿ ಹುಟ್ಟಿದವನಲ್ಲ, ನಮ್ಮಂಥ ಸಾಧಾರಣ ಮನೆಯವನೇ.

ಊರಿನ ಸೈನಿಕರ ಆಸ್ಪತ್ರೆಯಲ್ಲಿ ಔಷಧಿಗಳನ್ನು ನೋಡಿ ಅವನಿಗೆ ರಸಾಯನ ಶಾಸ್ತ್ರದ ಹುಚ್ಚು ಹಿಡಿಯಿತು. ಯಾವುದನ್ನು ಯಾವುದಕ್ಕೆ ಬೆರೆಸಿದರೆ ಏನಾಗುತ್ತದೆ ಎಂದು ನೋಡುವುದೇ ಅವನಿಗೆ ಆಟ. ದೊಡ್ಡವನಾದ ಮೇಲೆ ಪ್ಯಾರಿಸ್ಸಿಗೆ ಹೋದನು. ರೀಮ್ಸ್ ಎಂಬ ಊರಿನಲ್ಲಿ ಭೌತಶಾಸ್ತ್ರ ಮತ್ತು ರಸಾಯನ ಶಾಸ್ತ್ರದ ಮೇಷ್ಟ್ರಾದನು. ಮತ್ತೆ ಪ್ಯಾರಿಸ್ಸಿಗೆ ಬಂದು 1781ರಲ್ಲಿ ತನ್ನದೇ ಒಂದು ವಸ್ತು ಸಂಗ್ರಹಾಲಯ ತೆರೆದನು. ಅಲ್ಲಿ ಬರೀ ನೋಡಿಕೊಂಡು ಹೋಗುವುದಲ್ಲ. ಬಂದವರ ಮುಂದೆ ಪ್ರಯೋಗ ಮಾಡಿ ತೋರಿಸುತ್ತಿದ್ದರು, ಪಾಠ ಹೇಳುತ್ತಿದ್ದರು. ಆಗ ಅವನಿಗೆ ಇಪ್ಪತ್ತೇಳು ವರ್ಷ.

ಗಾಳಿಯಲ್ಲಿ ಬೇರೆ ಬೇರೆ ಜಾತಿ ಇದೆ ಎಂದು ವಿಜ್ಞಾನಿಗಳು ಆಗಷ್ಟೇ ತಿಳಿಯುತ್ತಿದ್ದ ಕಾಲ ಅದು. ಜಲಜನಕ ಎಂಬ ಅನಿಲ ಎಲ್ಲಕ್ಕಿಂತ ಹಗುರ, ಆದರೆ ಬೆಂಕಿ ತಾಗಿದರೆ ಭಗ್ಗೆಂದು ಹತ್ತಿಕೊಳ್ಳುತ್ತದೆ. ರೋಜಿಯೇ ಏನು ಮಾಡಿದ ಗೊತ್ತಾ? ಜಲಜನಕವನ್ನು ಬಾಯಿಯಿಂದ ಎಳೆದುಕೊಂಡು, ಉರಿಯುವ ದೀಪದ ಮೇಲೆ ಉಸಿರು ಬಿಟ್ಟು, ಬಾಯಿಂದ ಬೆಂಕಿ ಬರುವುದನ್ನು ತೋರಿಸಿದನು! ಇದನ್ನು ಯಾರೂ ಮಾಡಬಾರದು ಎಂದು ಮೇಷ್ಟ್ರು ಕೆಂಪು ಶಾಯಿಯಲ್ಲಿ ಬರೆಸಿದ್ದಾರೆ. ಜಲಜನಕಕ್ಕೆ ಬೆಂಕಿ ತಾಗಿದರೆ ಏನಾಗುತ್ತದೆ ಎಂದು ಅವನಿಗೆ ಪುಸ್ತಕದಿಂದಲ್ಲ, ತನ್ನ ಬಾಯಿಂದಲೇ ಗೊತ್ತಿತ್ತು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅವನು ಬರೀ ಹುಂಬ ಅಲ್ಲ. ಕೆಟ್ಟ ಗಾಳಿ ತುಂಬಿದ ಗುಂಡಿಗಳಿಗೆ ಇಳಿದು ಕೆಲಸ ಮಾಡುವವರು ಉಸಿರುಕಟ್ಟಿ ಸಾಯುವುದನ್ನು ತಡೆಯಲು, ಹೊರಗಿನ ಒಳ್ಳೆಯ ಗಾಳಿಯನ್ನು ಉಸಿರಾಡುವಂತೆ ಒಂದು ಮುಖವಾಡದ ಸಾಧನ ಮಾಡಿದ್ದನು. ನಮ್ಮೂರಲ್ಲಿ ಹಳೇ ಬಾವಿಗೆ ಇಳಿಯುವ ಮೊದಲು ದೀಪ ಇಳಿಬಿಟ್ಟು ನೋಡುತ್ತಾರಲ್ಲ, ದೀಪ ಆರಿದರೆ ಯಾರೂ ಇಳಿಯುವುದಿಲ್ಲವಲ್ಲ, ಅದೇ ಚಿಂತೆ ಅವನಿಗೂ ಇತ್ತು. ಬೇರೆಯವರ ಜೀವದ ಬೆಲೆ ಅವನಿಗೆ ಗೊತ್ತಿತ್ತು.

ಕುರಿ, ಬಾತುಕೋಳಿ, ಹುಂಜ

1783ನೇ ಇಸವಿ ಬಂತು. ಫ್ರಾನ್ಸಿನಲ್ಲಿ ಕಾಗದ ತಯಾರಿಸುವ ಮನೆತನದ ಇಬ್ಬರು ಅಣ್ಣತಮ್ಮಂದಿರು, ಮಾಂಟ್‌ಗೋಲ್ಫಿಯರ್ ಸಹೋದರರು ಎಂದು ಅವರ ಹೆಸರು, ಜೂನ್ 4ರಂದು ಆನೊನೇ ಎಂಬ ಊರಿನಲ್ಲಿ ಬಟ್ಟೆ ಮತ್ತು ಕಾಗದದ ದೊಡ್ಡ ಚೀಲಕ್ಕೆ ಕೆಳಗಿನಿಂದ ಬೆಂಕಿ ಕಾಯಿಸಿ ಆಕಾಶಕ್ಕೆ ಬಿಟ್ಟರು. ಅದರಲ್ಲಿ ಯಾರೂ ಇರಲಿಲ್ಲ. ಆಗಸ್ಟ್ 27ರಂದು ಪ್ಯಾರಿಸ್ಸಿನಲ್ಲಿ ಚಾರ್ಲ್ಸ್ ಎಂಬ ವಿಜ್ಞಾನಿ ಬೇರೆ ಥರದ ಬಲೂನು ಬಿಟ್ಟರು. ಅದರೊಳಗೆ ಇದ್ದದ್ದು ಬಿಸಿಗಾಳಿಯಲ್ಲ, ಜಲಜನಕ. ಅದು ಹಾರಿಕೊಂಡು ಹೋಗಿ ಗೊನೆಸ್ ಎಂಬ ಹಳ್ಳಿಯಲ್ಲಿ ಬಿತ್ತು. ಹಳ್ಳಿಯ ಜನ ಆಕಾಶದಿಂದ ಭೂತ ಬಂತು ಎಂದು ಹೆದರಿ, ಹುಲ್ಲು ಎತ್ತುವ ಕವೆಗೋಲುಗಳಿಂದ ತಿವಿದು ಹರಿದುಹಾಕಿದರು. ಇದನ್ನು ಓದಿ ನನಗೆ ನಗು ಬಂತು. ಆದರೆ ನಮ್ಮ ಹೊಲದಲ್ಲಿ ಬಿದ್ದಿದ್ದರೆ ನಾವೂ ಕಲ್ಲು ಬೀಸುತ್ತಿದ್ದೆವೇನೋ! ಜನ ಹೆದರಬಾರದೆಂದು ಸರ್ಕಾರ ಆಮೇಲೆ ತಿಳುವಳಿಕೆಯ ಪ್ರಕಟಣೆ ಹೊರಡಿಸಬೇಕಾಯಿತು.

ಮನುಷ್ಯ ಮೇಲೆ ಹೋದರೆ ಬದುಕುತ್ತಾನಾ ಎಂದು ಆಗ ಯಾರಿಗೂ ಗೊತ್ತಿರಲಿಲ್ಲ. ಅದಕ್ಕೆ ಸೆಪ್ಟೆಂಬರ್ 19ರಂದು ವರ್ಸೇಲ್ಸ್ ಅರಮನೆಯ ಮುಂದೆ ರಾಜ ಹದಿನಾರನೇ ಲೂಯಿಯ ಎದುರು ಒಂದು ಕುರಿ, ಒಂದು ಬಾತುಕೋಳಿ, ಒಂದು ಹುಂಜವನ್ನು ಬುಟ್ಟಿಯಲ್ಲಿಟ್ಟು ಹಾರಿಸಿದರು. ಸುಮಾರು ಎಂಟು ನಿಮಿಷ ಹಾರಿ, ಮೂರು ಕಿಲೋಮೀಟರ್‌ಗಿಂತ ಸ್ವಲ್ಪ ದೂರ ಹೋಗಿ ಕಾಡಿನಲ್ಲಿ ಇಳಿಯಿತು. ಮೂರೂ ಬದುಕಿದ್ದವು. ಹುಂಜದ ರೆಕ್ಕೆಗೆ ಮಾತ್ರ ಪೆಟ್ಟಾಗಿತ್ತು. ಮೇಲಿನ ಗಾಳಿಯಿಂದ ಹಾಗಾಯಿತೋ ಏನೋ ಎಂದು ಚರ್ಚೆಯಾಯಿತು. ಹೊರಡುವ ಮೊದಲೇ ಕುರಿ ಅದನ್ನು ಒದ್ದಿತ್ತು ಎಂದು ಆಮೇಲೆ ತಿಳಿಯಿತು.

ಇನ್ನು ಮನುಷ್ಯನ ಸರದಿ. ರಾಜ ಮರಣದಂಡನೆ ಆಗಿರುವ ಇಬ್ಬರು ಕೈದಿಗಳನ್ನು ಕಳಿಸೋಣ, ಸತ್ತರೆ ಸಾಯಲಿ ಎಂದು ಯೋಚಿಸಿದ್ದನು. ರೋಜಿಯೇ ಇದಕ್ಕೆ ಒಪ್ಪಲಿಲ್ಲ. ಆಕಾಶಕ್ಕೆ ಮೊದಲು ಹೋಗುವ ಗೌರವ ಕೈದಿಗಳಿಗೆ ಯಾಕೆ, ತಾನು ಹೋಗುತ್ತೇನೆ ಎಂದು ಹಟ ಹಿಡಿದನು. ಅರಮನೆಯ ಬಳಕೆ ಇದ್ದವರಿಂದ ಹೇಳಿಸಿ ರಾಜನನ್ನು ಒಪ್ಪಿಸಿದನು. ಮಾರ್ಕ್ವಿಸ್ ದಾರ್ಲಾಂದ್ ಎಂಬ ಸೈನ್ಯದ ಅಧಿಕಾರಿ ಜೊತೆಯಾದನು.

ಆಕಾಶಕ್ಕೆ ಮೊದಲ ಹೆಜ್ಜೆ

ಇಲ್ಲಿ ಒಂದು ಒಳ್ಳೆಯ ಗುಣ ನೋಡಿ. ರೋಜಿಯೇ ಒಮ್ಮೆಲೇ ಹಾರಿಬಿಡಲಿಲ್ಲ. ಅಕ್ಟೋಬರ್ 15ರಂದು ಬಲೂನಿಗೆ ಹಗ್ಗ ಕಟ್ಟಿಸಿ, ಕೆಳಗೆ ಜನ ಹಿಡಿದುಕೊಂಡಿರುವಾಗ ಸುಮಾರು 25 ಮೀಟರ್ ಎತ್ತರಕ್ಕೆ ಮಾತ್ರ ಏರಿದನು. ಅಂದರೆ ನಮ್ಮೂರ ದೊಡ್ಡ ತೆಂಗಿನ ಮರಕ್ಕಿಂತ ಸ್ವಲ್ಪ ಎತ್ತರ ಅಷ್ಟೇ. ಬೆಂಕಿಗೆ ಎಷ್ಟು ಹುಲ್ಲು ಹಾಕಿದರೆ ಎಷ್ಟು ಏರುತ್ತದೆ, ಕಡಿಮೆ ಮಾಡಿದರೆ ಹೇಗೆ ಇಳಿಯುತ್ತದೆ ಎಂದು ಹಗ್ಗ ಕಟ್ಟಿಕೊಂಡೇ ಮತ್ತೆ ಮತ್ತೆ ಅಭ್ಯಾಸ ಮಾಡಿದನು. ಈಜು ಕಲಿಯುವಾಗ ನಾವು ಸೊಂಟಕ್ಕೆ ಸೋರೆಬುರುಡೆ ಕಟ್ಟಿಕೊಂಡು ಬಾವಿಗೆ ಇಳಿಯುವುದಿಲ್ಲವೇ, ಹಾಗೆ.

1783ನೇ ಇಸವಿ ನವೆಂಬರ್ 21. ಪ್ಯಾರಿಸ್ಸಿನ ಪಕ್ಕದ ಲಾ ಮ್ಯುಯೆತ್ ಅರಮನೆಯ ತೋಟ. ನೀಲಿ ಬಣ್ಣದ ಮೇಲೆ ಬಂಗಾರದ ಬಣ್ಣದ ಚಿತ್ತಾರ ಬಿಡಿಸಿದ ಬಲೂನು. ಸುಮಾರು 21 ಮೀಟರ್ ಎತ್ತರ, 14 ಮೀಟರ್ ಅಗಲ. ಮೊದಲ ಸಲ ಎಬ್ಬಿಸಿದಾಗ ಗಾಳಿ ಜೋರಾಗಿ ಬೀಸಿ ಬಲೂನು ಹರಿಯಿತು. ಅದನ್ನು ಕೆಳಗಿಳಿಸಿ, ಹರಿದದ್ದನ್ನು ಹೊಲಿದು ಸರಿಮಾಡಿದ ಮೇಲೆಯೇ, ಮಧ್ಯಾಹ್ನ ಎರಡು ಗಂಟೆ ಹೊತ್ತಿಗೆ ಇಬ್ಬರೂ ಹೊರಟರು. ಈ ಸಲ ಹಗ್ಗ ಇರಲಿಲ್ಲ.

ಬಲೂನಿನ ಬಾಯಿಯ ಸುತ್ತ ಒಂದು ಕಟ್ಟೆ. ತೂಕ ಸರಿಯಾಗಿರಲೆಂದು ಒಬ್ಬ ಈ ಕಡೆ, ಇನ್ನೊಬ್ಬ ಆ ಕಡೆ ನಿಂತಿದ್ದರು. ನಡುವೆ ಬೆಂಕಿಯ ಒಲೆ. ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿರಲಿಲ್ಲ. ಒಲೆಗೆ ಹುಲ್ಲು ಹಾಕುತ್ತಾ ಹಾಕುತ್ತಾ ಅವರು ಸುಮಾರು 900 ಮೀಟರ್ ಎತ್ತರಕ್ಕೆ ಹೋದರು. ಕೆಳಗೆ ಸೀನ್ ನದಿ, ಊರಿನ ಮನೆಗಳು, ಬಾಯಿ ಬಿಟ್ಟು ನೋಡುವ ಜನ. ಆಗ ದಾರ್ಲಾಂದ್ ಮೇಲೆ ನೋಡಿದರೆ ಬಲೂನಿನ ಬಟ್ಟೆಗೆ ಕಿಡಿ ಹಾರಿ ಅಲ್ಲಲ್ಲಿ ತೂತು ಸುಡುತ್ತಾ ಇದೆ! ಕೆಲವು ಹಗ್ಗಗಳೂ ಕಡಿದಿದ್ದವು. ನೀರು ಮತ್ತು ಸ್ಪಂಜನ್ನು ಮೊದಲೇ ಜೊತೆಗೆ ಒಯ್ದಿದ್ದರಿಂದ ಒದ್ದೆ ಸ್ಪಂಜಿನಿಂದ ಒತ್ತಿ ಬೆಂಕಿ ಆರಿಸಿದರು. ಆ ಬಕೆಟ್ಟು ನೀರು ಇಲ್ಲದಿದ್ದರೆ ಅವರ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಸುಮಾರು 25 ನಿಮಿಷ ಹಾರಿ, 9 ಕಿಲೋಮೀಟರ್ ದೂರ ಹೋಗಿ, ಊರ ಹೊರಗೆ ಗಾಳಿಗಿರಣಿಗಳಿದ್ದ ದಿಬ್ಬದ ಮೇಲೆ ಇಳಿದರು. ಇನ್ನೂ ದೂರ ಹೋಗುವಷ್ಟು ಹುಲ್ಲು ಉಳಿದಿತ್ತು. ಆದರೂ ಬಟ್ಟೆ ಸುಡುತ್ತಿದ್ದರಿಂದ ಸಾಕು ಎಂದು ಇಳಿದರು. ಓಡಿಬಂದ ಜನ ರೋಜಿಯೇ ಬಿಚ್ಚಿಟ್ಟಿದ್ದ ಕೋಟನ್ನು ನೆನಪಿಗೆ ಇರಲಿ ಎಂದು ಹರಿದು ಹಂಚಿಕೊಂಡರಂತೆ. ಮನುಷ್ಯ ಹುಟ್ಟಿದಾಗಿನಿಂದ ಕಂಡಿದ್ದ ಕನಸು ಆವತ್ತು ನಿಜವಾಯಿತು. ವಿಮಾನ ಬಂದದ್ದು ಇದಾಗಿ 120 ವರ್ಷದ ಮೇಲೆ.

ಯಾರೂ ಇಳಿಯಲಿಲ್ಲ

ಮುಂದಿನ ವರ್ಷ, 1784ರ ಜನವರಿ 19ರಂದು, ಲಿಯೋ ಎಂಬ ಊರಿನಲ್ಲಿ ಮಾಂಟ್‌ಗೋಲ್ಫಿಯರ್ ಅಣ್ಣತಮ್ಮಂದಿರಲ್ಲಿ ದೊಡ್ಡವನಾದ ಜೋಸೆಫ್ ಬಹಳ ದೊಡ್ಡ ಬಲೂನು ಮಾಡಿದ್ದನು. ಅಗಲವೇ ಸುಮಾರು 30 ಮೀಟರ್. ರೋಜಿಯೇ ಅದರಲ್ಲಿ ಹೋಗುವವನಿದ್ದ. ಬಲೂನನ್ನು ನೋಡಿ ಅವನಿಗೆ ಅನುಮಾನ ಬಂತು. ಇಷ್ಟು ಜನ ಬೇಡ, ಮೂರು ಜನ ಸಾಕು, ಉಳಿದವರು ಇಳಿಯಿರಿ ಎಂದು ಕೇಳಿಕೊಂಡನು. ಬುಟ್ಟಿ ಹತ್ತಿದ್ದವರು ದೊಡ್ಡ ಮನೆತನದವರು. ಊರೆಲ್ಲ ನೋಡುತ್ತಿರುವಾಗ ಇಳಿದರೆ ಮರ್ಯಾದೆ ಹೋಗುತ್ತದೆ ಎಂದು ಒಬ್ಬರೂ ಇಳಿಯಲಿಲ್ಲ. ಹೊರಡುವ ಹೊತ್ತಿಗೆ ಇನ್ನೊಬ್ಬ ಓಡಿಬಂದು ಹತ್ತಿಬಿಟ್ಟ. ಒಟ್ಟು ಏಳು ಜನರಾದರು.

ಬಲೂನು ಏರಿತು. ಸುಮಾರು ಕಾಲು ಗಂಟೆ ಆಗುವುದರೊಳಗೆ ಬಟ್ಟೆ ದೊಡ್ಡದಾಗಿ ಹರಿಯಿತು. ಬಿಸಿಗಾಳಿ ಹೊರಗೆ ಹೋಗಿ ಬಲೂನು ದಡದಡ ಕೆಳಗೆ ಬಂದು ಅಪ್ಪಳಿಸಿತು. ದೇವರ ದಯೆ, ಯಾರೂ ಸಾಯಲಿಲ್ಲ. ಇಳಿದಮೇಲೆ ಜನ ಅವರನ್ನು ಮೆರೆಸಿದರು. ನನಗೆ ಇಲ್ಲಿ ಒಂದು ಅನ್ನಿಸಿತು. ಆವತ್ತು ಪೆಟ್ಟಾಗಿದ್ದಿದ್ದರೆ ಎಲ್ಲರೂ ಪಾಠ ಕಲಿಯುತ್ತಿದ್ದರು. ಚಪ್ಪಾಳೆ ಬಿದ್ದದ್ದರಿಂದ ತಪ್ಪು ಮುಚ್ಚಿಹೋಯಿತು.

ಅದೇ ವರ್ಷ ಜೂನ್ 23ರಂದು ರೋಜಿಯೇ ಪ್ರೂಸ್ಟ್ ಎಂಬ ರಸಾಯನ ವಿಜ್ಞಾನಿಯ ಜೊತೆ ವರ್ಸೇಲ್ಸಿನಿಂದ ಹಾರಿದನು. ಫ್ರಾನ್ಸಿನ ರಾಜನ ಜೊತೆಗೆ ಸ್ವೀಡನ್ ದೇಶದ ರಾಜನೂ ನೋಡಲು ಬಂದಿದ್ದನು. ಸುಮಾರು 3000 ಮೀಟರ್ ಎತ್ತರಕ್ಕೆ ಏರಿ, 45 ನಿಮಿಷದಲ್ಲಿ 52 ಕಿಲೋಮೀಟರ್ ಹೋದರು. ಅಲ್ಲಿಯವರೆಗೆ ಯಾರೂ ಅಷ್ಟು ಎತ್ತರ, ಅಷ್ಟು ದೂರ, ಅಷ್ಟು ವೇಗವಾಗಿ ಹೋಗಿರಲಿಲ್ಲ. ರೋಜಿಯೇ ಹೆಸರು ಎಲ್ಲಾ ಕಡೆ ಹಬ್ಬಿತು.

ಸಮುದ್ರ ದಾಟುವ ಹಟ

ಫ್ರಾನ್ಸಿಗೂ ಇಂಗ್ಲೆಂಡಿಗೂ ನಡುವೆ ಇಂಗ್ಲಿಷ್ ಕಡಲ್ಗಾಲುವೆ ಇದೆ. ಹೆಸರು ಕಾಲುವೆ, ಆದರೆ ಅದು ಸಮುದ್ರ. ಎಲ್ಲಕ್ಕಿಂತ ಇಕ್ಕಟ್ಟಾದ ಕಡೆಯೂ ಮೂವತ್ತು ಕಿಲೋಮೀಟರ್‌ಗಿಂತ ಹೆಚ್ಚು. ಅದನ್ನು ಬಲೂನಿನಲ್ಲಿ ಮೊದಲು ದಾಟಬೇಕೆಂದು ರೋಜಿಯೇ ಹಟ ತೊಟ್ಟನು. ಬಿಸಿಗಾಳಿ ಬಲೂನು ಅಷ್ಟು ಹೊತ್ತು ಹಾರಲು ಗಾಡಿಗಟ್ಟಲೆ ಹುಲ್ಲು ಬೇಕು. ಜಲಜನಕದ ಬಲೂನಿಗೆ ಹುಲ್ಲು ಬೇಡ, ಆದರೆ ಅದನ್ನು ಮೇಲೆ ಕೆಳಗೆ ಆಡಿಸುವುದು ಕಷ್ಟ. ಮೇಲೆ ಏರಲು ಮರಳಿನ ಚೀಲ ಎಸೆಯಬೇಕು, ಇಳಿಯಲು ಅನಿಲ ಬಿಡಬೇಕು. ಎರಡೂ ಮುಗಿದರೆ ಮುಗಿಯಿತು.

ಅದಕ್ಕೆ ಅವನು ಎರಡನ್ನೂ ಕೂಡಿಸಿದನು. ಮೇಲೆ ಜಲಜನಕದ ಗುಂಡು ಬಲೂನು, ಅದರ ಕೆಳಗೆ ಕೊಳವೆಯಂಥ ಬಿಸಿಗಾಳಿಯ ಬಲೂನು, ಅದಕ್ಕೆ ಕೆಳಗಿನಿಂದ ಬೆಂಕಿ. ಉಪಾಯ ಜಾಣತನದ್ದೇ. ಆದರೆ ಗೆಳೆಯರೇ, ಮೊದಲು ನೆನಪಿಟ್ಟುಕೊಳ್ಳಿ ಅಂದೆನಲ್ಲ. ಜಲಜನಕ ಹೇಗೆ ಹತ್ತಿಕೊಳ್ಳುತ್ತದೆ ಎಂದು ತನ್ನ ಬಾಯಿಂದಲೇ ತೋರಿಸಿದವನು ಅವನು. ಅವನೇ ಜಲಜನಕದ ಕೆಳಗೆ ಬೆಂಕಿ ಇಟ್ಟನು. ಇದನ್ನು ಓದಿ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಗೊತ್ತಿಲ್ಲದವನು ಮಾಡಿದರೆ ಪಾಪ ಅನ್ನಬಹುದು. ಗೊತ್ತಿದ್ದವನು ಯಾಕೆ ಮಾಡಿದ?

ಯಾಕೆಂದರೆ ಹಿಂದಕ್ಕೆ ಬರುವುದು ಕಷ್ಟವಾಗಿತ್ತು. ಸರ್ಕಾರ ದುಡ್ಡು ಕೊಟ್ಟಿತ್ತು. ಬುಲೋನ್ ಎಂಬ ಸಮುದ್ರ ತೀರದ ಊರಿನಲ್ಲಿ ಬಲೂನು ಇಟ್ಟುಕೊಂಡು ತಿಂಗಳುಗಟ್ಟಲೆ ಕಾದನು. ಗಾಳಿ ಇಂಗ್ಲೆಂಡಿನ ಕಡೆಯಿಂದ ಫ್ರಾನ್ಸಿಗೆ ಬೀಸುವುದೇ ಹೆಚ್ಚು. ಅವನಿಗೆ ಬೇಕಾದದ್ದು ಅದಕ್ಕೆ ಎದುರು ಗಾಳಿ. ಅಷ್ಟರಲ್ಲಿ 1785ರ ಜನವರಿ 7ರಂದು ಬ್ಲಾಂಷಾರ್ ಮತ್ತು ಡಾಕ್ಟರ್ ಜೆಫ್ರೀಸ್ ಎಂಬ ಇಬ್ಬರು ಜಲಜನಕದ ಬಲೂನಿನಲ್ಲಿ ಇಂಗ್ಲೆಂಡಿನ ಡೋವರ್‌ನಿಂದ ಹೊರಟು ಫ್ರಾನ್ಸಿಗೆ ಬಂದು ಇಳಿದೇಬಿಟ್ಟರು. ನಡುವೆ ಸಮುದ್ರಕ್ಕೆ ಬೀಳುವ ಹಾಗಾಗಿ, ಇದ್ದಬದ್ದ ಸಾಮಾನನ್ನು, ಮೈಮೇಲಿನ ಬಟ್ಟೆಯನ್ನು ಕೂಡ ಬಿಚ್ಚಿ ಎಸೆದು ಬದುಕಿಕೊಂಡರು. ಮೊದಲಿಗನಾಗುವ ಅವಕಾಶ ರೋಜಿಯೇ ಕೈತಪ್ಪಿತು. ಆದರೂ ಫ್ರಾನ್ಸಿನಿಂದ ಇಂಗ್ಲೆಂಡಿಗೆ ಯಾರೂ ಹೋಗಿರಲಿಲ್ಲವಲ್ಲ! ಜನ ಕಾಯುತ್ತಿದ್ದರು. ಬಲೂನಿನ ಬಟ್ಟೆ ಮಾತ್ರ ಕಾದು ಕಾದು ಹಾಳಾಗುತ್ತಾ ಬಂದಿತ್ತು.

ಕೊನೆಯ ದಿನ

1785ನೇ ಇಸವಿ ಜೂನ್ 15ರ ಬೆಳಿಗ್ಗೆ. ರೋಜಿಯೇ ಮತ್ತು ಬಲೂನು ಕಟ್ಟಲು ನೆರವಾದ ಪಿಯೇರ್ ರೊಮೇನ್ ಹೊರಡಲು ಸಿದ್ಧರಾದರು. ಆಗ ಮೇಸೋನ್‌ಫೋರ್ ಎಂಬ ಶ್ರೀಮಂತ ತರುಣ ತನ್ನನ್ನೂ ಕರೆದುಕೊಂಡು ಹೋಗಿ ಎಂದು ಹಣ ಮುಂದೆ ಹಿಡಿದನು. ರೋಜಿಯೇ ಒಪ್ಪಲಿಲ್ಲ. ಹವೆಯ ಮೇಲೂ ನಂಬಿಕೆಯಿಲ್ಲ, ಬಲೂನಿನ ಮೇಲೂ ನಂಬಿಕೆಯಿಲ್ಲ ಎಂದು ಹೇಳಿ ಅವನನ್ನು ಕೆಳಗೇ ಬಿಟ್ಟನು. ಲಿಯೋ ಊರಿನಲ್ಲಿ ಯಾರನ್ನೂ ಇಳಿಸಲು ಆಗದಿದ್ದವನು ಇಲ್ಲಿ ಒಬ್ಬನನ್ನು ತಡೆದನು.

ಬಲೂನು ಏರಿ ಸಮುದ್ರದ ಕಡೆ ಹೋಯಿತು. ಸ್ವಲ್ಪ ಹೊತ್ತಿಗೆ ಗಾಳಿ ತಿರುಗಿ ಮತ್ತೆ ನೆಲದ ಕಡೆಗೆ ತಂದಿತು. ಸುಮಾರು ಅರ್ಧ ಗಂಟೆಯ ಹೊತ್ತಿಗೆ, 450 ಮೀಟರ್ ಎತ್ತರದಲ್ಲಿರುವಾಗ, ಮೇಲಿನ ಬಲೂನು ಒಮ್ಮೆಲೇ ಕುಸಿಯಿತು. ಜಲಜನಕಕ್ಕೆ ಬೆಂಕಿ ಹತ್ತಿತು ಎಂದು ಬಹಳ ದಿನ ಎಲ್ಲರೂ ಹೇಳುತ್ತಿದ್ದರು. ಅನಿಲ ಬಿಡುವ ವಾಲ್ವಿನ ಹತ್ತಿರ ಹಳೇ ಬಟ್ಟೆ ಹರಿದು ಅನಿಲ ಹೊರಗೆ ಹೋಯಿತು ಎಂದು ಈಗಿನವರು ಹೇಳುತ್ತಾರೆ. ಹೇಗಾದರೂ ಆಗಲಿ, ಇಬ್ಬರೂ ವಿಮೆರೂ ಎಂಬ ಊರಿನ ಹತ್ತಿರ ನೆಲಕ್ಕೆ ಬಿದ್ದು ಪ್ರಾಣ ಬಿಟ್ಟರು. ಹೊರಟ ಜಾಗದಿಂದ ಐದು ಕಿಲೋಮೀಟರ್ ಆಗಿತ್ತು ಅಷ್ಟೇ. ರೋಜಿಯೇಗೆ ಆಗ 31 ವರ್ಷ. ಆಕಾಶಕ್ಕೆ ಮೊದಲು ಹಾರಿದವನೇ ಆಕಾಶದಿಂದ ಮೊದಲು ಬಿದ್ದು ಸತ್ತವನಾದನು.

ಮೇಸೋನ್‌ಫೋರ್ ಕೆಳಗಿದ್ದನು. ಅವನು ಬದುಕಿದನು. ಆವತ್ತು ಏನಾಯಿತು ಎಂದು ಕಣ್ಣಾರೆ ಕಂಡದ್ದನ್ನು ಆಮೇಲೆ ಹೇಳಿದವನು ಅವನೇ.

ರೋಜಿಯೇ ಸತ್ತರೂ ಅವನ ಉಪಾಯ ಸಾಯಲಿಲ್ಲ. ಈಗ ಬಹಳ ದೂರ ಹೋಗುವವರು ಅವನ ಥರವೇ ಅನಿಲ ಮತ್ತು ಬಿಸಿಗಾಳಿ ಎರಡೂ ಇರುವ ಬಲೂನು ಮಾಡುತ್ತಾರೆ. ಆದರೆ ಜಲಜನಕದ ಬದಲು ಹೀಲಿಯಂ ತುಂಬುತ್ತಾರೆ. ಹೀಲಿಯಂ ಉರಿಯುವುದಿಲ್ಲ. 1999ರ ಮಾರ್ಚ್‌ನಲ್ಲಿ ಬರ್ಟ್ರಾಂಡ್ ಪಿಕಾರ್ ಮತ್ತು ಬ್ರಯಾನ್ ಜೋನ್ಸ್ ಅಂಥದೇ ಬಲೂನಿನಲ್ಲಿ ಎಲ್ಲೂ ಇಳಿಯದೆ ಇಡೀ ಭೂಮಿಯನ್ನು ಸುತ್ತಿದರು. ಆ ಜಾತಿಯ ಬಲೂನಿಗೆ ಇಂದಿಗೂ ರೋಜಿಯೇರ್ ಎಂದೇ ಹೆಸರು.

ಈಗ ಬಲೂನು ಹತ್ತುವವರಿಗೆ

ಈಗಿನ ಬಿಸಿಗಾಳಿ ಬಲೂನಿಗೆ ಹುಲ್ಲಿನ ಬೆಂಕಿ ಇಲ್ಲ. ಸಿಲಿಂಡರಿನ ಗ್ಯಾಸು ಉರಿಸುತ್ತಾರೆ. ಬಟ್ಟೆ ನೈಲಾನು, ಬೆಂಕಿಯ ಹತ್ತಿರದ ಭಾಗ ಸುಲಭವಾಗಿ ಸುಡದಂಥ ಬಟ್ಟೆ. ಆದರೂ ಗಾಳಿ ಅದೇ ಗಾಳಿ, ಬಲೂನಿಗೆ ಸ್ಟೇರಿಂಗು ಇಲ್ಲ, ಗಾಳಿ ಕರೆದಲ್ಲಿಗೆ ಹೋಗಬೇಕು. 2016ರ ಜುಲೈ 30ರಂದು ಅಮೆರಿಕದ ಟೆಕ್ಸಾಸಿನಲ್ಲಿ ಮಂಜು ಮೋಡ ಇದ್ದರೂ ಹಾರಿದ ಬಲೂನು ಇಳಿಯುವಾಗ ವಿದ್ಯುತ್ ತಂತಿಗೆ ತಾಗಿ 16 ಜನರೂ ಸತ್ತರು. ಆದ್ದರಿಂದ ಮೇಷ್ಟ್ರು ಕೇಳಿದ ಪ್ರಶ್ನೆಗೆ ಈಗ ಉತ್ತರ ಬರೆಯುತ್ತೇನೆ.

1. ಗಾಳಿ ಹೇಗಿದೆ ಎಂದು ಕೇಳಬೇಕು. ಬಲೂನು ಹಾರಿಸುವುದು ಹೆಚ್ಚಾಗಿ ಸೂರ್ಯ ಹುಟ್ಟುವ ಹೊತ್ತಿನಲ್ಲಿ, ಗಾಳಿ ಶಾಂತವಾಗಿರುವಾಗ. ಬಿಸಿಲೇರಿದರೆ ನೆಲ ಕಾದು ಗಾಳಿ ಮೇಲೆ ಕೆಳಗೆ ಕುಣಿಯುತ್ತದೆ. ಮಂಜು, ಮಳೆ, ಗುಡುಗು ಇದ್ದರೆ ಹಾರಬಾರದು. ಒಳ್ಳೆಯ ಪೈಲಟ್ ಮೊದಲು ಒಂದು ಸಣ್ಣ ಪುಗ್ಗವನ್ನು ಬಿಟ್ಟು ಗಾಳಿ ಎತ್ತ ಹೋಗುತ್ತದೆ ಎಂದು ನೋಡುತ್ತಾರೆ.

2. ನಡೆಸುವವರಿಗೆ ಲೈಸೆನ್ಸ್ ಇದೆಯೇ ಎಂದು ಕೇಳಬೇಕು. ಕೇಳಲು ನಾಚಿಕೆ ಬೇಡ.

3. ನಿಮ್ಮ ತೂಕ ಕೇಳಿದರೆ ನಿಜ ಹೇಳಬೇಕು. ಎಲ್ಲರ ತೂಕ ಕೂಡಿಸಿಯೇ ಎಷ್ಟು ಜನ ಎಂದು ತೀರ್ಮಾನಿಸುತ್ತಾರೆ. ಸೆಕೆ ಹೆಚ್ಚಿದ್ದ ದಿನ ಬಲೂನು ಹೊರುವ ಶಕ್ತಿಯೂ ಕಡಿಮೆಯಾಗುತ್ತದೆ.

4. ಬಸುರಿ ಹೆಂಗಸರು, ಹೊಸದಾಗಿ ಆಪರೇಷನ್ ಆದವರು, ಬೆನ್ನು ಮೊಣಕಾಲು ನೋವಿನವರು, ಮೂಳೆ ಸವೆದ ವಯಸ್ಸಾದವರು ಹತ್ತಬಾರದು. ಇಳಿಯುವಾಗ ಬುಟ್ಟಿ ನೆಲಕ್ಕೆ ಕುಕ್ಕುತ್ತದೆ, ಕೆಲವು ಸಲ ಮಗುಚಿ ಎಳೆದುಕೊಂಡು ಹೋಗುತ್ತದೆ. ಹೃದಯದ ಕಾಯಿಲೆ ಇದ್ದವರು ಡಾಕ್ಟರನ್ನು ಕೇಳಬೇಕು.

5. ಬುಟ್ಟಿಯ ಅಂಚಿಗಿಂತ ಗಿಡ್ಡ ಇರುವ, ಹೇಳಿದ ಮಾತು ತಿಳಿಯದ ಸಣ್ಣ ಮಕ್ಕಳನ್ನು ಹತ್ತಿಸಬಾರದು.

6. ಹತ್ತಿ ಬಟ್ಟೆ, ಮುಚ್ಚಿದ ಬೂಟು ಹಾಕಿಕೊಳ್ಳಬೇಕು. ಹಾರುವಷ್ಟು ಹೊತ್ತೂ ನಿಂತೇ ಇರಬೇಕು.

7. ಇಳಿಯುವಾಗ ಮೊಣಕಾಲು ಸ್ವಲ್ಪ ಮಡಿಸಿ, ಬುಟ್ಟಿಯ ಒಳಗಿನ ಹಿಡಿಕೆ ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಕೈ ಹೊರಗೆ ಹಾಕಬಾರದು.

8. ನೆಲಕ್ಕೆ ಬಂದ ಕೂಡಲೇ ಹಾರಿ ಇಳಿಯಬಾರದು. ಒಬ್ಬ ಇಳಿದರೆ ಬುಟ್ಟಿ ಹಗುರಾಗಿ ಉಳಿದವರನ್ನು ಹೊತ್ತು ಮತ್ತೆ ಏರುತ್ತದೆ.

9. ಇವತ್ತು ಬೇಡ ಎಂದು ಪೈಲಟ್ ಹೇಳಿದರೆ ಜಗಳ ಮಾಡಬಾರದು. ಟಿಕೆಟ್ಟಿಗಿಂತ ಜೀವ ದೊಡ್ಡದು.

ನಮ್ಮ ಮಾವ

ಇನ್ನು ಮಾವನ ವಿಷಯ. ನಮ್ಮ ಸೋದರಮಾವ ಹೊಳೆಯಲ್ಲಿ ಹರಿಗೋಲು ಹಾಕುತ್ತಾರೆ. ನಿಮಗೆಲ್ಲ ಗೊತ್ತು. ಹೋದ ಜಾತ್ರೆಯ ದಿನ ಆಚೆ ದಡಕ್ಕೆ ಹೋಗಲು ಜನ ತುಂಬಿಕೊಂಡಿದ್ದರು. ಹೊಳೆಯಲ್ಲಿ ನೀರು ಕೆಂಪಾಗಿ ಏರಿತ್ತು. ನಾನು ಹೊಸ ಬಟ್ಟೆ ಹಾಕಿಕೊಂಡು ಎಲ್ಲರಿಗಿಂತ ಮೊದಲು ಹತ್ತಿ ಕೂತಿದ್ದೆ. ಮಾವ ನೀರು ನೋಡಿದರು, ಜನರನ್ನು ನೋಡಿದರು. ನನ್ನನ್ನು ಮತ್ತು ಇನ್ನಿಬ್ಬರನ್ನು ಇಳಿಯಿರಿ ಎಂದರು. ಮನೆಯವರನ್ನೇ ಮೊದಲು ಇಳಿಸಿದರೆ ಬೇರೆಯವರು ಮಾತಾಡುವುದಿಲ್ಲ ಅಂತ ಅವರ ಲೆಕ್ಕ. ನನಗೆ ಗೆಳೆಯರ ಮುಂದೆ ಅವಮಾನವಾಯಿತು. ಮಾವ ನೀನು ಅಂಜುಬುರುಕ ಅಂತ ದಡದ ಮೇಲೆ ನಿಂತು ಕೂಗಿದೆ. ಮೂರು ದಿನ ಅವರ ಜೊತೆ ಮಾತು ಬಿಟ್ಟಿದ್ದೆ.

ರೋಜಿಯೇ ಕಥೆ ಓದಿದ ಮೇಲೆ ಲಿಯೋ ಊರಿನಲ್ಲಿ ಇಳಿಯದೆ ಕೂತಿದ್ದವರಲ್ಲಿ ನಾನೂ ಒಬ್ಬ ಅನ್ನಿಸಿತು. ಮೊನ್ನೆ ರಾತ್ರಿ ಊಟ ಆದ ಮೇಲೆ ಮಾವನಿಗೆ ಇದನ್ನೆಲ್ಲ ಓದಿ ಹೇಳಿದೆ. ಅವರಿಗೆ ಓದು ಬರುವುದಿಲ್ಲ, ಆದರೆ ಎಲ್ಲಾ ಗಮನವಿಟ್ಟು ಕೇಳಿದರು. ಕೊನೆಗೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ಹುಡುಗನನ್ನು ಇಳಿಸಿದವನು ತಾನೂ ಇಳಿಯಬಹುದಿತ್ತಲ್ಲ ಎಂದರು. ಬೇರೆಯವರನ್ನು ಇಳಿಸುವುದು ಸುಲಭ, ದಡದಲ್ಲಿ ಜನ ನೋಡುತ್ತಿರುವಾಗ ತಾನು ಹುಟ್ಟು ಕೆಳಗಿಡುವುದು ಕಷ್ಟ ಎಂದೂ ಹೇಳಿದರು.

ನನಗೆ ಮಾವನ ಹತ್ತಿರ ತಪ್ಪಾಯಿತು ಅಂತ ಹೇಳಲು ನಾಚಿಕೆಯಾಗಿ ಆವತ್ತು ಹೇಳಲಿಲ್ಲ. ಅದಕ್ಕೆ ಇಲ್ಲಿ ಎಲ್ಲರೂ ಓದುವ ಹಾಗೆ ಬರೆದಿದ್ದೇನೆ. ಯಾರಾದರೂ ಅವರಿಗೆ ಓದಿ ಹೇಳಿ.

ರೋಜಿಯೇ ಧೈರ್ಯವಂತ. ಅವನು ಹಾರದಿದ್ದರೆ ಮನುಷ್ಯ ಹಾರಬಲ್ಲ ಎಂದು ಆವತ್ತು ತಿಳಿಯುತ್ತಿರಲಿಲ್ಲ. ಅವನಿಗೆ ನನ್ನ ನಮಸ್ಕಾರ. ಆದರೆ ಹತ್ತುವುದಕ್ಕೆ ಬೇಕಾದಷ್ಟೇ ಧೈರ್ಯ ಹತ್ತದೇ ಇರುವುದಕ್ಕೂ ಬೇಕು ಎಂದು ಅವನ ಜೀವನದಿಂದ ನಾನು ಕಲಿತೆ. ಬರೆದದ್ದರಲ್ಲಿ ತಪ್ಪಿದ್ದರೆ ದೊಡ್ಡವರು ತಿದ್ದಬೇಕು.

ಇಂತಿ ನಿಮ್ಮ,
ಏಳನೇ ತರಗತಿಯ ವಿದ್ಯಾರ್ಥಿ